ಬಸದಿಯ ನಕ್ಷೆ ಹಿಡಿದು ಕೋಟೆಯೊಳಗೆ

ಬೆಳಗಾವಿ ಕೋಟೆ ನೋಡಲು ಹೋಗುವವರು ನೀರಿನ ಬಾಟಲಿಯ ಜೊತೆಗೆ ಹಳೆಯ ಪುಸ್ತಕವೊಂದರ ನಾಲ್ಕಾರು ಹಾಳೆಗಳನ್ನೂ ಒಯ್ಯಲಿ ಎಂಬುದು ನನ್ನ ಸಲಹೆ. ಪುಸ್ತಕದ ಹೆಸರು ಬಲು ಉದ್ದ. ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿ 1874ರ ಜನವರಿಯಿಂದ ಮೇವರೆಗೆ ನಡೆದ ಮೊದಲ ಹಂಗಾಮಿನ ಕೆಲಸದ ವರದಿ ಎಂದು ಅದರ ಸಾರ. ಬರೆದವರು ಜೇಮ್ಸ್ ಬರ್ಜೆಸ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸ. ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯನ್ನು 1872ರಲ್ಲಿ ಶುರು ಮಾಡಿದವರು, ಮುಂದೆ ಇಡೀ ದೇಶದ ಪುರಾತತ್ವ ಸರ್ವೇಕ್ಷಣೆಗೆ ಮುಖ್ಯಸ್ಥರಾದವರು. ಪಶ್ಚಿಮ ಭಾರತದ ಪುರಾತತ್ವ ಸರ್ವೇಕ್ಷಣೆಯ ಸಂಪುಟಗಳ ಸಾಲು ದೊಡ್ಡದು; ಎಲ್ಲೋರಾದಂಥ ಜಗತ್ಪ್ರಸಿದ್ಧ ಗುಹೆಗಳೆಲ್ಲ ಅದರಲ್ಲಿ ಬರುತ್ತವೆ. ಆದರೆ ಆ ಸಾಲಿನ ಮೊದಲ ಸಂಪುಟ ಕಣ್ಣು ತೆರೆದದ್ದು ನಮ್ಮ ಬೆಳಗಾವಿಯಲ್ಲಿ.

ಸರಕಾರಿ ವರದಿ ಎಂದೊಡನೆ ಆಕಳಿಸಬೇಡಿ. ಬರಹಕ್ಕೆ ಎಷ್ಟು ಗೌರವವೋ ಚಿತ್ರಕ್ಕೂ ಅಷ್ಟೇ ಗೌರವ ಕೊಟ್ಟು ಮಾಡಿದ ಪುಸ್ತಕ ಇದು. ಫೋಟೋಗಳು, ಕಲ್ಲಚ್ಚಿನ ಫಲಕಗಳು, ಗುಡಿಗಳ ನೆಲನಕ್ಷೆಗಳು, ಕಂಬದ ಬುಡದಿಂದ ಬೋದಿಗೆಯವರೆಗೆ ಒಂದೊಂದೂ ಅಂಗ. ಕಾಪಿರೈಟ್ ತೀರಿ ಎಷ್ಟೋ ಕಾಲವಾಗಿರುವುದರಿಂದ ಅಂತರಜಾಲದ ಗ್ರಂಥಾಲಯಗಳಲ್ಲಿ ಪುಕ್ಕಟೆ ಸಿಗುತ್ತದೆ. ಖಡೇಬಜಾರಿನ ಆಸುಪಾಸಿನ ಯಾವ ಝೆರಾಕ್ಸ್ ಅಂಗಡಿಯಲ್ಲಾದರೂ ಬೇಕಾದ ಹಾಳೆಗಳನ್ನು ಅಚ್ಚು ತೆಗೆಸಬಹುದು. ಮೊಬೈಲಿನ ಪರದೆಯಲ್ಲಿ ನೋಡುತ್ತೇನೆ ಎನ್ನುವವರಿಗೆ ನನ್ನ ವಿರೋಧವಿದೆ: ಬಿಸಿಲಿಗೆ ಪರದೆ ಕಾಣುವುದಿಲ್ಲ, ಮತ್ತು ಬೆರಳಿನಿಂದ ಹಿಗ್ಗಿಸಿ ಕುಗ್ಗಿಸಿ ನೋಡುವಾಗ ಅಳತೆಯ ಅಂದಾಜೇ ತಪ್ಪಿಹೋಗುತ್ತದೆ.

ಇಂಥ ಪುಸ್ತಕಗಳ ಹುಚ್ಚು ಹಿಡಿದವರು ಎಲ್ಲ ಊರಲ್ಲೂ ಇದ್ದಾರೆ. ಹಳೆಯ ಭೂಪಟ, ಕೆತ್ತನೆಯ ಚಿತ್ರ, ವಿಚಿತ್ರ ಪ್ರಾಣಿ, ಕೈಯಲ್ಲಿ ಬಣ್ಣ ತುಂಬಿದ ಕಡಲು, ಇವುಗಳ ದೊಡ್ಡ ಸೈಜಿನ ಪುಸ್ತಕ ಕಂಡರೆ ಅಂಗಡಿಯಲ್ಲೇ ನಿಂತು ಮುಗಿಸುವವರು. ಅವರ ಪೈಕಿ ನಾನೂ ಒಬ್ಬ. ಮನೆಯಲ್ಲಿ ಕೂತು ಪುಟ ತಿರುಗಿಸುವಾಗ ಇವು ಬರೇ ಚೆಂದ. ಚಿತ್ರ ಬರೆದವನು ನಿಂತ ಜಾಗದಲ್ಲೇ ಹೋಗಿ ನಿಂತರೆ ಆಟವೇ ಬೇರೆ. ಯಾರಿಗಾಗಿ ಬರೆದ, ಏನು ಬರೆದ, ಕಣ್ಣೆದುರೇ ಇದ್ದದ್ದರಲ್ಲಿ ಏನನ್ನು ಕೈಬಿಟ್ಟ ಎಂಬ ಪತ್ತೇದಾರಿ ಶುರುವಾಗುತ್ತದೆ. ಈ ಆಟಕ್ಕೆ ಬೆಳಗಾವಿ ಕೋಟೆಯಷ್ಟು ಒಳ್ಳೆಯ ಅಂಗಳ ಕಡಿಮೆ.

ಕೇಂದ್ರ ಬಸ್ ನಿಲ್ದಾಣದಿಂದ ಕೋಟೆ ದೂರವಿಲ್ಲ, ನಡೆಯಬಹುದು. ಆಟೋ ಹತ್ತಿದರೆ ಚಾಲಕರು ಮೊದಲು ಕೇಳುವುದು ಒಂದೇ ಪ್ರಶ್ನೆ: “ಕ್ವಾಟಿ ಕೆರೀಗೋ, ಕ್ವಾಟಿ ಒಳಗೋ?” ಹೆಚ್ಚಿನವರಿಗೆ ಬೇಕಾದದ್ದು ಕೋಟೆ ಕೆರೆ. ಸಂಜೆಗೆ ಅಲ್ಲಿ ವಾಯುವಿಹಾರ, ಚುರುಮುರಿ, ಸುಟ್ಟ ಗೊಂಜಾಳ ತೆನೆ. ಕೆರೆಯ ದಂಡೆಯಲ್ಲಿ 2018ರಲ್ಲಿ ನಿಲ್ಲಿಸಿದ 110 ಮೀಟರ್ ಎತ್ತರದ ಧ್ವಜಸ್ತಂಭವಿದೆ. ಒಳಗೆ ಎಂದೆ. “ಒಳಗ ಏನ್ ನೋಡ್ತೀರಿ ಸರ್, ಬರೇ ಮಿಲ್ಟ್ರಿ ಐತಿ” ಎಂದರು ಆಟೋದವರು. ಬಸದಿ ಇದೆಯಲ್ಲ ಎಂದರೆ, “ಹಾಂ, ಕಮಲ ಬಸ್ತಿ. ಅದು ಛಲೋ ಐತ್ರಿ” ಎಂದು ಒಪ್ಪಿಕೊಂಡರು.

ಒಳಗೆ ಹೋಗುವ ಮುನ್ನ ಕಂದಕದ ಪಕ್ಕ ಸ್ವಲ್ಪ ನಿಲ್ಲಬೇಕು. ಬಹಳ ಜನ ಇದನ್ನು ದಾಟಿಕೊಂಡು ಹೋಗಿಬಿಡುತ್ತಾರೆ, ಹುಲ್ಲು ಬೆಳೆದ ತಗ್ಗು ಎಂದುಕೊಂಡು. ಕೋಟೆಯ ನಿಜವಾದ ಬಲ ಇದ್ದದ್ದು ಇಲ್ಲಿ. ಬೆಳಗಾವಿ ಕೋಟೆ ಗುಡ್ಡದ ಮೇಲಿಲ್ಲ. ಬಯಲಿನಲ್ಲಿ, ಮೊಟ್ಟೆಯಾಕಾರದಲ್ಲಿ, ಸುಮಾರು ಸಾವಿರ ಗಜ ಉದ್ದಕ್ಕೆ ಹರಡಿಕೊಂಡಿದೆ. ಮೇಲಿನಿಂದ ನೋಡುವ ಭಾಗ್ಯವಿಲ್ಲದ ಕಾಲದಲ್ಲಿ ಈ ಮೊಟ್ಟೆಯ ಆಕಾರ ಗೊತ್ತಾಗಬೇಕಾದರೆ ಸುತ್ತ ಅಳೆದು ಕಾಗದದ ಮೇಲೆ ಇಳಿಸಲೇಬೇಕಿತ್ತು. ಹಾಗೆ ಅಳೆಯುವ ಅಗತ್ಯ ಮೊದಲು ಬೀಳುವುದು ಕೋಟೆಯನ್ನು ಹಿಡಿಯಬೇಕೆಂದು ಬಂದವನಿಗೆ. ಪುರಾತನ ಕೋಟೆಗಳ ಎಷ್ಟೋ ನಕ್ಷೆಗಳು ಹುಟ್ಟಿದ್ದು ಫಿರಂಗಿ ಎಲ್ಲಿಡಬೇಕು ಎಂಬ ಪ್ರಶ್ನೆಯಿಂದ. ಈಗ ನಾವು ಅವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇವೆ.

1472ರಲ್ಲಿ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ ಇಲ್ಲಿ ದಂಡು ಇಳಿಸಿದಾಗ ಈ ಕಂದಕವೇ ತಲೆನೋವಾಯಿತು. ಕಟ್ಟಿಗೆ, ಮಣ್ಣು ತುಂಬಿಸಿ ಕಂದಕ ಮುಚ್ಚುವ ಪ್ರಯತ್ನ ಫಲಿಸಲಿಲ್ಲ; ಹಗಲು ಸುರಿದದ್ದನ್ನು ಕೋಟೆಯವರು ರಾತ್ರಿ ತೆಗೆದುಹಾಕುತ್ತಿದ್ದರೆಂದು ಇತಿಹಾಸಕಾರ ಫೆರಿಷ್ತಾನ ಕಥನ. ಕೊನೆಗೆ ಸುರಂಗ ತೋಡಿ ಮದ್ದು ತುಂಬಿ ಗೋಡೆ ಸಿಡಿಸಿದರು. ದಖ್ಖನಿನಲ್ಲಿ ಅದುವರೆಗೆ ಕಾಣದ ಉಪಾಯ ಅದು ಎಂದೂ ಅವನು ಹೇಳುತ್ತಾನೆ. 1818ರಲ್ಲಿ ಪೇಶ್ವೆಯ ಮೇಲಿನ ಕೊನೆಯ ಯುದ್ಧದಲ್ಲಿ ಥಾಮಸ್ ಮನ್ರೋ ಬಂದ. ಬಾದಾಮಿ, ಬಾಗಲಕೋಟೆಗಳನ್ನು ಮುಗಿಸಿಕೊಂಡು ಬಂದವನಿಗೆ ಈ ಕೋಟೆ 21 ದಿನ ಬಗ್ಗಲಿಲ್ಲ. ಏಪ್ರಿಲ್‌ನಲ್ಲಿ ಕೈಗೆ ಸಿಕ್ಕಿತು.

ಆ ಯುದ್ಧದ ಸಮಗ್ರ ಕಥೆಯನ್ನು ವ್ಯಾಲೆಂಟೈನ್ ಬ್ಲಾಕರ್ ಎಂಬ ಮದ್ರಾಸ್ ಸೇನೆಯ ಅಧಿಕಾರಿ 1821ರಲ್ಲಿ ಪ್ರಕಟಿಸಿದ, ಭೂಪಟಗಳನ್ನೂ ರಣಭೂಮಿಯ ನಕ್ಷೆಗಳನ್ನೂ ಜೊತೆಗಿಟ್ಟು. ಎರಡೇ ವರ್ಷದಲ್ಲಿ ಅವನು ಭಾರತದ ಸರ್ವೇಯರ್ ಜನರಲ್ ಆದ. ದಂಡಿನ ದಾರಿ ಲೆಕ್ಕ ಹಾಕಿದವನೇ ದೇಶದ ಭೂಪಟಕ್ಕೂ ಯಜಮಾನ! ಅವನ ಕಾಲದ ನಕ್ಷೆಗಳನ್ನು ನೋಡುವಾಗ ಗಮನಿಸಿ: ಹೊಳೆ ಎಲ್ಲಿ ದಾಟಬಹುದು, ಬಂಡಿ ಎಲ್ಲಿ ಹೋಗುತ್ತದೆ, ಬಾವಿ ಎಲ್ಲಿದೆ ಎಂಬುದೆಲ್ಲ ಕಣ್ಣಿಗೆ ರಾಚುವಂತೆ ಇರುತ್ತದೆ. ಜಾತ್ರೆ ಎಲ್ಲಿ ಕೂಡುತ್ತದೆ ಎಂಬುದು ಇರುವುದಿಲ್ಲ.

ಬಾಗಿಲಲ್ಲಿ ಗಣಪತಿ ಮತ್ತು ದುರ್ಗೆಯ ಗುಡಿಗಳಿವೆ. ಕೈಮುಗಿದು ಒಳಗೆ ಕಾಲಿಟ್ಟರೆ ದೊಡ್ಡ ಕಮಾನು, ಕಾವಲಿನವರ ಕೋಣೆಗಳು, ಪ್ರಾಣಿ ಪಕ್ಷಿಗಳ ಅಲಂಕಾರ. ಕೋಟೆಯ ಮೂಲ 13ನೇ ಶತಮಾನದ ಆರಂಭಕ್ಕೆ ಹೋಗುತ್ತದೆ. ಸವದತ್ತಿಯಿಂದ ವೇಣುಗ್ರಾಮಕ್ಕೆ ಅಂದರೆ ಇಲ್ಲಿಗೆ ರಾಜಧಾನಿ ತಂದ ರಟ್ಟರ ಕಾಲ ಅದು. ಈಗ ಕಾಣುವ ಗೋಡೆಗಳ ಗಟ್ಟಿತನ ಬಹುಪಾಲು ಆದಿಲಶಾಹಿ ಕಾಲದ್ದು. ಗೋಡೆಯ ಜೀರ್ಣೋದ್ಧಾರದ ಬಗ್ಗೆ 16ನೇ ಶತಮಾನದ ಒಂದು ಫಾರಸಿ ಶಾಸನವಿದೆ. ಯಾಕೂಬ್ ಅಲಿ ಖಾನ್ ಎಂಬವನು ಗೋಡೆಯನ್ನು ಬುಡದಿಂದ ಕಟ್ಟಿಸಿದ, ಅದು ಸಿಕಂದರನ ತಡೆಗೋಡೆಯಷ್ಟು ಭದ್ರ ಎಂಬುದು ಅದರ ಹೊಗಳಿಕೆ. ಹಳೆಯ ನಕ್ಷೆಗಳ ಗೀಳಿನವರಿಗೆ ಇಲ್ಲಿ ಮೈ ಜುಮ್ಮೆನ್ನಬೇಕು.

ಏಕೆಂದರೆ ಆ ಸಿಕಂದರನ ಗೋಡೆ ಜಗತ್ತಿನ ನಕ್ಷೆಗಳ ಮೇಲೆ ಶತಮಾನಗಳ ಕಾಲ ಇತ್ತು. ಯಾಜೂಜ್ ಮಾಜೂಜ್ ಎಂಬ ದುರುಳ ಜನಾಂಗಗಳನ್ನು ಲೋಕದ ಅಂಚಿನಲ್ಲಿ ತಡೆದಿಡಲು ಕಬ್ಬಿಣ, ತಾಮ್ರ ಕರಗಿಸಿ ಕಟ್ಟಿದ ಗೋಡೆಯ ಕಥೆ ಅರಬ್ಬರಲ್ಲೂ ಯುರೋಪಿನವರಲ್ಲೂ ಪ್ರಚಲಿತ. 1154ರಲ್ಲಿ ಅಲ್ ಇದ್ರೀಸಿ ಸಿಸಿಲಿಯ ದೊರೆ ರೋಜರನಿಗಾಗಿ ಮಾಡಿದ ಪ್ರಸಿದ್ಧ ಜಗತ್ತಿನ ನಕ್ಷೆಯಲ್ಲಿ ಇದು ದೂರದ ಈಶಾನ್ಯದ ಮೂಲೆಯಲ್ಲಿದೆ. ಅರಬ್ ಪದ್ಧತಿಯಂತೆ ಆ ನಕ್ಷೆಯಲ್ಲಿ ದಕ್ಷಿಣ ಮೇಲೆ, ಉತ್ತರ ಕೆಳಗೆ. ಹಾಗಾಗಿ ಗೋಡೆಯನ್ನು ಹುಡುಕಬೇಕಾದದ್ದು ಎಡಗಡೆಯ ಕೆಳಮೂಲೆಯಲ್ಲಿ. 1375ರ ಕ್ಯಾಟಲನ್ ಅಟ್ಲಾಸಿನಲ್ಲೂ ಆ ಜನಾಂಗಗಳು ಹಾಜರು. ನೆಲದ ಮೇಲೆ ಎಲ್ಲೂ ಇರದ ಗೋಡೆ ಅದು. ಆದರೂ ಬೆಳಗಾವಿಯಲ್ಲಿ ನಿಜವಾದ ಗೋಡೆಯ ಬಲ ಹೇಳಬೇಕಾಗಿ ಬಂದಾಗ ಕವಿಗೆ ನೆನಪಾದದ್ದು ಅದೇ. ಕೆಂಪುಮಣ್ಣಿನ ಊರಿನ ಕೋಟೆಗೂ ಸಿಸಿಲಿಯ ಅರಮನೆಗೂ ಒಂದೇ ಭೂಗೋಳದ ಕಥೆ ಸಾಕಾಗಿತ್ತೆಂಬುದು ನನಗೆ ಯಾವ ಯುದ್ಧದ ತಾರೀಖಿಗಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಇಲ್ಲದ ಜಾಗಗಳ ನಕ್ಷೆಗಳನ್ನೇ ಕೂಡಿಸಿ ಎಡ್ವರ್ಡ್ ಬ್ರೂಕ್ ಹಿಚಿಂಗ್ ಎಂಬ ಬ್ರಿಟಿಷ್ ಲೇಖಕ 2016ರಲ್ಲಿ ‘ದ ಫ್ಯಾಂಟಮ್ ಅಟ್ಲಾಸ್’ ಎಂಬ ಸಚಿತ್ರ ಪುಸ್ತಕ ತಂದರು. ದುಬಾರಿಯಾದರೂ ಕೈಗೆ ಸಿಕ್ಕರೆ ಬಿಡಬೇಡಿ. ಇಂಥ ಸುಳ್ಳು ಜಾಗಗಳಲ್ಲಿ ನಮಗೆ ಹತ್ತಿರದ ಒಬ್ಬನ ಕೈವಾಡವೂ ಇದೆ. ಹಿಂದೂಸ್ತಾನದ ಮೊದಲ ನಂಬಲರ್ಹ ಭೂಪಟ 1782ರಲ್ಲಿ ಮಾಡಿದ ಜೇಮ್ಸ್ ರೆನೆಲ್, ಬಂಗಾಳವನ್ನು ಕಾಲಲ್ಲಿ ತಿರುಗಿ ಅಳೆದವನು. ದಕ್ಷಿಣದ ಒಳನಾಡನ್ನು ಅವನು ಕಂಡವನಲ್ಲ; ಲಂಡನ್ನಿನಲ್ಲಿ ಕೂತು ದಂಡುಗಳ ದಾರಿ ಲೆಕ್ಕ, ಪ್ರವಾಸಿಗಳ ಪತ್ರ ಜೋಡಿಸಿ ತುಂಬಿದ. ಅದೇ ರೆನೆಲ್ 1798ರಲ್ಲಿ ಮುಂಗೋ ಪಾರ್ಕ್‌ನ ಪ್ರವಾಸಕ್ಕಾಗಿ ಆಫ್ರಿಕದ ನಕ್ಷೆ ಮಾಡುತ್ತ ಕಾಂಗ್ ಪರ್ವತಗಳೆಂಬ ಸಾಲನ್ನೇ ಎಳೆದುಬಿಟ್ಟ. ಲೂಯಿ ಬಿಂಜರ್ ಎಂಬ ಫ್ರೆಂಚ್ ಅಧಿಕಾರಿ 1880ರ ದಶಕದ ಕೊನೆಗೆ ಅಲ್ಲಿಗೇ ಹೋಗಿ ನೋಡಿ, ಬೆಟ್ಟವೇ ಇಲ್ಲ ಎನ್ನುವತನಕ ಆ ಸಾಲು ಅಟ್ಲಾಸುಗಳಲ್ಲಿ ಉಳಿಯಿತು. ಒಬ್ಬನೇ ಮನುಷ್ಯ, ಒಂದು ದೇಶಕ್ಕೆ ಒಳ್ಳೆಯ ನಕ್ಷೆ, ಇನ್ನೊಂದಕ್ಕೆ ಇಲ್ಲದ ಬೆಟ್ಟ.

ಘಟ್ಟದ ಕೆಳಗಿನ ಗೋವೆಯಲ್ಲಿ ಕೂತು ನಮ್ಮ ಸೀಮೆಯ ಬಗ್ಗೆ ಬರೆದವರೂ ಇದ್ದಾರೆ. ಯಾನ್ ಹಾಯಖೆನ್ ವಾನ್ ಲಿನ್ಸ್ಖೋಟೆನ್ ಎಂಬ ಡಚ್ ತರುಣ 1583ರಿಂದ ಕೆಲವು ವರ್ಷ ಗೋವೆಯ ಆರ್ಚ್‌ಬಿಷಪ್ಪರ ಬಳಿ ಕಾರ್ಯದರ್ಶಿಯಾಗಿದ್ದ. ಊರಿಗೆ ಮರಳಿ 1596ರಲ್ಲಿ ಪ್ರಕಟಿಸಿದ ‘ಇಟಿನೆರಾರಿಯೋ’ ಆ ಕಾಲದ ಸಚಿತ್ರ ಪುಸ್ತಕಗಳಲ್ಲಿ ಮೇಲುಪಂಕ್ತಿಯದು. ಪೋರ್ಚುಗೀಸರು ಬಚ್ಚಿಟ್ಟಿದ್ದ ಸಮುದ್ರದ ದಾರಿಗಳೆಲ್ಲ ಅದರಿಂದ ಬಯಲಾದವು. ಅದರಲ್ಲಿ ಬಾಲಾಘಾಟಿನ ದೊರೆಯ ರಾಯಭಾರಿ ಗೋವೆಯಲ್ಲಿ ಹೇಗಿದ್ದ ಎಂಬ ಫಲಕವೊಂದಿದೆ. ಬಾಲಾಘಾಟೆಂದರೆ ಘಟ್ಟದ ಮೇಲಿನ ಆದಿಲಶಾಹಿ ನೆಲ, ಆಗ ಈ ಕೋಟೆಯೂ ಅದರದ್ದೇ. ಆ ಪುಸ್ತಕದ ಜನರನ್ನು ನೋಡಿದರೆ ನಗು ಬರುತ್ತದೆ. ಹಾಲೆಂಡಿನ ಕೆತ್ತನೆಗಾರರು ಉಡುಪನ್ನು ನಮ್ಮದು ಮಾಡಿದರು, ತೊಡೆ ಮೀನಖಂಡಗಳನ್ನು ಮಾತ್ರ ಗ್ರೀಕ್ ವಿಗ್ರಹದಿಂದ ತಂದರು.

ಕೋಟೆಯೊಳಗೆ ರಸ್ತೆ ಚೊಕ್ಕಟ, ಮರಗಳ ನೆರಳು, ಸದ್ದು ಕಡಿಮೆ. ಬಹುಭಾಗ ಸೇನೆಯದು. ಫಲಕದಲ್ಲಿ ಬೇಡವೆಂದು ಬರೆದ ಕಡೆ ಕಾಲಿಡಬಾರದು, ಮೊಬೈಲ್ ಎತ್ತಬಾರದು. ಕಮಲ ಬಸದಿಗೆ ಮುಕ್ತವಾಗಿ ಹೋಗಬಹುದು.

1204ರಲ್ಲಿ ರಟ್ಟರ ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದ ಬಸದಿ ಇದು. ಕಡೆದ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ಕತ್ತೆತ್ತಿದರೆ ಛಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲ. 72 ದಳಗಳು, ಹಿಂದಿನ ಇಂದಿನ ಮುಂದಿನ ಮೂರೂ ಕಾಲದ 24 ತೀರ್ಥಂಕರರಿಗೆಂದು ಲೆಕ್ಕ. ಗರ್ಭಗುಡಿಯಲ್ಲಿ ಕಪ್ಪು ಕಲ್ಲಿನ ನೇಮಿನಾಥ. ಇಲ್ಲಿ ಬರ್ಜೆಸ್ ಕಾಲದ ಹಾಳೆ ಬಿಚ್ಚಬೇಕು. ನೆಲನಕ್ಷೆಯನ್ನು ಹಿಡಿದು ಮುಖಮಂಟಪದಲ್ಲಿ ಒಂದು ಕಂಬಕ್ಕೆ ಬೆನ್ನು ಕೊಟ್ಟು ನಿಂತರೆ, ಕಾಗದದ ಮೇಲಿನ ಕಪ್ಪು ಚುಕ್ಕೆಗಳು ಒಂದೊಂದಾಗಿ ಕಂಬಗಳಾಗಿ ಎದ್ದು ನಿಲ್ಲುತ್ತವೆ. ನಕ್ಷೆ ಓದಲು ಬರುವುದಿಲ್ಲ ಎನ್ನುವ ಮಕ್ಕಳನ್ನು ಕರೆದುಕೊಂಡು ಬಂದು ಇಲ್ಲಿ ನಿಲ್ಲಿಸಿ; ಪಾಠದ ಅಗತ್ಯವಿಲ್ಲ.

ಈ ಅಳತೆಗಳನ್ನು ತೆಗೆದದ್ದು ಹೇಗೆ ಎಂದು ಯೋಚಿಸಿದರೆ ಗೌರವ ಹುಟ್ಟುತ್ತದೆ. ಹಗ್ಗ, ಪಟ್ಟಿ, ತೂಗುಗುಂಡು. ಛಾವಣಿಯ ಕಮಲವನ್ನು ಬರೆಯಬೇಕಾದವನು ಅಂಗಾತ ಮಲಗಿದ್ದಿರಬೇಕು, ಕಂದೀಲು ಯಾರೋ ಎತ್ತಿ ಹಿಡಿದಿರಬೇಕು. ಸರ್ವೇಕ್ಷಣೆಯ ಕರಡುಗಾರರಲ್ಲಿ ಎಷ್ಟೋ ಮಂದಿ ನಮ್ಮ ಕಡೆಯವರೇ. ಮುಖಪುಟದಲ್ಲಿ ಸಾಹೇಬರ ಹೆಸರು ದಪ್ಪಕ್ಷರದಲ್ಲಿದೆ, ಅವರದಿಲ್ಲ. ಇನ್ನೊಂದು ಗೈರುಹಾಜರಿಯೂ ಇದೆ. ಆ ಕಾಲದಲ್ಲಿ ಕೋಟೆ ಬ್ರಿಟಿಷ್ ದಂಡಿನದಾಗಿತ್ತು, ಹಳೆಯ ಬಸದಿಯೊಂದು ಸೇನೆಯ ಸಾಮಾನು ಉಗ್ರಾಣದ ಅಂಗಳಕ್ಕೆ ಸೇರಿಹೋಗಿತ್ತು. ಮೂಟೆ ಹೊರುವವರ ಗಲಾಟೆ, ಹೇಸರಗತ್ತೆಗಳ ವಾಸನೆ ಸುತ್ತ ಇದ್ದಿರಲೇಬೇಕು. ನೆಲನಕ್ಷೆಗೆ ಇವು ಬೇಕಿಲ್ಲ. ಅದರಲ್ಲಿ ಶುದ್ಧವಾದ ಗೆರೆಗಳು ಮಾತ್ರ, ಗುಡಿ ನಿರ್ಜನ ದ್ವೀಪದ ಮೇಲಿದ್ದಂತೆ. ಪಾಳುಬಿದ್ದ ಭವ್ಯತೆ ಎಂಬ ಭಾವನೆ ನಮ್ಮ ತಲೆಯಲ್ಲಿ ಕೂತಿರುವುದರಲ್ಲಿ ಇಂಥ ಫಲಕಗಳ ಪಾಲು ದೊಡ್ಡದೆಂದು ನನ್ನ ಅನಿಸಿಕೆ.

ಬಸದಿಯಲ್ಲಿ ನಿಂತು ಕೇಳಬೇಕಾದ ಪ್ರಶ್ನೆ ಇನ್ನೊಂದು: ಇದನ್ನು ಕಟ್ಟಿಸಿದ ದಾಖಲೆ ಎಲ್ಲಿ? ಲಂಡನ್ನಿನಲ್ಲಿ. ಬೆಳಗಾವಿಯ ಎರಡು ಶಾಸನಗಳು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಲಯೊನೆಲ್ ಬಾರ್ನೆಟ್ ಅವನ್ನು ‘ಎಪಿಗ್ರಾಫಿಯಾ ಇಂಡಿಕಾ’ದ 13ನೇ ಸಂಪುಟದಲ್ಲಿ ಪ್ರಕಟಿಸಿದರು. ಶಕ 1127ರ, ಅಂದರೆ 1204ರ ಕೊನೆಯ ಈ ಶಾಸನಗಳಲ್ಲಿ ಬೀಚಣ ಅಂದರೆ ಬೀಚಿರಾಜನ ರಟ್ಟಜಿನಾಲಯಕ್ಕೆ ಕೊಟ್ಟ ದತ್ತಿಗಳಿವೆ. ದಾನಿಗಳಲ್ಲಿ ರಾಜರಷ್ಟೇ ಇಲ್ಲ: ವೇಣುಗ್ರಾಮದ ಸೆಟ್ಟಿಗಳು, ಗುಜರಾತಿನ ಕಡೆಯ ಲಾಳ ವ್ಯಾಪಾರಿಗಳು, ಮಲೆಯಾಳದ ವ್ಯಾಪಾರಿಗಳು ತಂತಮ್ಮ ಸರಕಿನ ಮೇಲೆ ಬಸದಿಗೆ ಪಾಲು ಬರೆದುಕೊಟ್ಟರು. ಎಂಟು ನೂರು ವರ್ಷದ ಹಿಂದಿನ ಬೆಳಗಾವಿ ಪೇಟೆಯ ಇಷ್ಟು ಜೀವಂತ ಚಿತ್ರ ಯಾವ ಕಲ್ಲಚ್ಚಿನ ಫಲಕದಲ್ಲೂ ನನಗೆ ಸಿಕ್ಕಿಲ್ಲ. ಬಸದಿ ನೋಡಿಕೊಳ್ಳುವ ಹಿರಿಯರಿಗೆ ಇದನ್ನು ಹೇಳಿದಾಗ ಅವರು ಆಶ್ಚರ್ಯಪಡಲಿಲ್ಲ. “ಕಲ್ಲು ಅಲ್ಲಿರಲಿ ಬಿಡ್ರಿ, ದೇವರು ಇಲ್ಲೇ ಅದಾನ” ಎಂದರು.

ಚಿಕ್ಕಿ ಬಸದಿ ಹತ್ತಿರದಲ್ಲೇ, ಅರ್ಧ ಮಾತ್ರ ಉಳಿದ ಸುಂದರಿ. ಕೋಟೆಯಲ್ಲಿ 108 ಬಸದಿಗಳಿದ್ದವು, ಗೋಡೆಯ ಕಲ್ಲಿಗಾಗಿ ಅವು ಹೋದವು ಎಂಬುದು ಊರಿನ ಐತಿಹ್ಯ. ಸಂಖ್ಯೆಯನ್ನು ಬಿಡಿ, ಗೋಡೆಯ ಸುತ್ತ ನಡೆಯುವಾಗ ಕೆತ್ತನೆಯ ತುಂಡುಗಳು ಕಣ್ಣಿಗೆ ಬೀಳದೆ ಇರುವುದಿಲ್ಲ. ಆದಿಲಶಾಹಿಯ ಸರದಾರ ಅಸದ್ ಖಾನ್ ಕಟ್ಟಿಸಿದ ಸಫಾ ಮಸೀದಿಯ ಕಂಬಗಳಲ್ಲಿ ಹಳೆಯ ಶಾಸನಗಳೇ ಇವೆ. ಒಂದು ರಟ್ಟರ ಕಾಲದ ನಾಗರಿ ಬರಹ, ಮತ್ತೊಂದು 1261ರ, ಸೇವುಣ ದೊರೆ ಕೃಷ್ಣನ ಕಾಲದ ಕನ್ನಡ ಬರಹ. ಗುಡಿ ಒಡೆದದ್ದು, ಮಸೀದಿ ಕಟ್ಟಿದ್ದು, ಅದರ ಮೇಲೆ ದಂಡಿನ ಉಗ್ರಾಣ ಬಂದದ್ದು, ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿ ಕಥೆ ಹೇಳುವವರು ಬಹಳ. ಕಂಬ ಎಲ್ಲವನ್ನೂ ಹೊತ್ತಿದೆ.

ಕೋಟೆಯೊಳಗೇ ಇರುವ ರಾಮಕೃಷ್ಣ ಆಶ್ರಮಕ್ಕೂ ಹೋಗಿಬನ್ನಿ. 1892ರ ಅಕ್ಟೋಬರ್‌ನಲ್ಲಿ ಬೆಳಗಾವಿಗೆ ಬಂದ ವಿವೇಕಾನಂದರು ಮೊದಲು ವಕೀಲ ಭಾಟೆಯವರ ಮನೆಯಲ್ಲಿ, ಆಮೇಲೆ ಕೋಟೆಯೊಳಗೆ ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಯಲ್ಲಿ ಉಳಿದಿದ್ದರು. ಆಗ ಊರಿನ ಎಸ್. ಮಹಾದೇವ ಅಂಡ್ ಸನ್ ಸ್ಟುಡಿಯೋದವರು ತೆಗೆದ ಫೋಟೋ ಇದೆ. ಷಿಕಾಗೋದ ಪೇಟದ ಚಿತ್ರ ಮನೆಮನೆಯ ಗೋಡೆಯಲ್ಲಿದೆ. ಅದಕ್ಕಿಂತ ಒಂದು ವರ್ಷ ಹಿಂದಿನ ಈ ಬೆಳಗಾವಿಯ ಚಿತ್ರದಲ್ಲಿರುವುದು ಜಗತ್ತಿಗೆ ಇನ್ನೂ ಗೊತ್ತಿರದ ಒಬ್ಬ ಪರಿವ್ರಾಜಕ.

ಇನ್ನು ಖಾನಾಪುರದ ದಾರಿ. ಇದಕ್ಕೆ ಬೇರೆ ಹಾಳೆ ಬೇಕು: ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ಕ್ರಮಸಂಖ್ಯೆಯಲ್ಲಿ 48 ಐ. ಸೊಗಸೇನೆಂದರೆ 74 ಡಿಗ್ರಿ 30 ಮಿನಿಟಿನ ರೇಖಾಂಶ ಬೆಳಗಾವಿಯ ಪಶ್ಚಿಮ ಭಾಗವನ್ನು ಕೊಯ್ದುಕೊಂಡು ಹೋಗುತ್ತದೆ. ಆದ್ದರಿಂದ ದೊಡ್ಡ ಅಳತೆಯ ಹಾಳೆಗಳಲ್ಲಿ ಊರು ಎರಡು ಪಾಲು. ಕೋಟೆ ಬರುವುದು 48 ಐ/9ರಲ್ಲಿ; ಅದರ ಕೆಳಗಿನ 48 ಐ/10ರಲ್ಲಿ ಖಾನಾಪುರ, ಹಲಸಿ. ಹಳೆಯ ಹಾಳೆಗಳು ಇಂಚಿಗೊಂದು ಮೈಲಿಯ ಅಳತೆಯವು. ಗುಡಿ, ಮಸೀದಿ, ಬಾವಿ, ಬಂಡಿದಾರಿ, ಕಾಲುದಾರಿ ಪ್ರತಿಯೊಂದಕ್ಕೂ ಚಿಹ್ನೆ. ಪಶ್ಚಿಮಕ್ಕೆ ಸರಿದಂತೆ ಕಂದು ಬಣ್ಣದ ಎತ್ತರದ ಗೆರೆಗಳು ಒತ್ತೊತ್ತಾಗಿ, ಕೊನೆಗೆ ಅಲ್ಲಿ ಬರೇ ಕಂದು, ಅದು ಸಹ್ಯಾದ್ರಿ.

ಬೆಳಗಾವಿಯಲ್ಲಿ ಭೂಪಟ ಬಿಡಿಸಿ ಕೂತರೆ ಯಾರಾದರೂ ಹಿಂದಿನಿಂದ ಇಣುಕುತ್ತಾರೆ, ಅದು ಇಲ್ಲಿನ ರೂಢಿ. 1956ರಲ್ಲಿ ಈ ಜಿಲ್ಲೆ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಮಹಾರಾಷ್ಟ್ರದ ಜೊತೆಗಿನ ಗಡಿ ತಂಟೆಯನ್ನು ಪರಿಶೀಲಿಸಿದ ಮಹಾಜನ ಆಯೋಗ 1967ರಲ್ಲಿ ಬೆಳಗಾವಿ ನಗರ ಇಲ್ಲೇ ಇರಲೆಂದು ವರದಿ ಕೊಟ್ಟಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಹಾಗಾಗಿ ನಕ್ಷೆಯೆಂದರೆ ಇಲ್ಲಿ ಯಾರಿಗೂ ಬರೇ ಅಲಂಕಾರವಲ್ಲ. ಇದೇ ಜಿಲ್ಲೆಯ ಗುರ್ಲಹೊಸೂರಿನ ಶಂ.ಬಾ. ಜೋಶಿಯವರು ಊರ ಹೆಸರುಗಳನ್ನು ಹೆಕ್ಕಿ ಹೆಕ್ಕಿ ಕನ್ನಡದ ಹಳೆಯ ಹರವನ್ನು ಹುಡುಕಿದವರು. ಭೂಪಟವನ್ನು ಕಾವ್ಯದಂತೆ ಓದಿದ ಅಂಥ ಕಣ್ಣುಗಳು ಆಮೇಲೆ ನಮಗೆ ಹೆಚ್ಚು ಸಿಗಲಿಲ್ಲ.

ಖಾನಾಪುರ ಇಲ್ಲಿಂದ ಸುಮಾರು 26 ಕಿಲೋಮೀಟರ್, ಮಲಪ್ರಭೆಯ ದಂಡೆಯ ಊರು. ಹೆಂಚು ಮತ್ತು ಮಡಕೆಯ ಮಣ್ಣಿಗೆ ಹೆಸರಾದದ್ದು. ನಂದಗಡದಲ್ಲಿ ಇಳಿಯದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನೆಲ. ಸಮಾಧಿಗೆ ಹರಕೆ ಹೊತ್ತು ಬರುವವರ ಸಾಲು ಇವತ್ತಿಗೂ ಇದೆ.

ಮುಂದೆ ಹಲಸಿ. ಕದಂಬರ ಎರಡನೆಯ ರಾಜಧಾನಿ ಪಲಾಶಿಕೆ ಇದೇ ಎಂದರೆ ಮೊದಲ ಸಲ ಬಂದವರು ನಂಬುವುದು ಕಷ್ಟ: ಭತ್ತದ ಗದ್ದೆ, ಹೆಂಚಿನ ಮನೆ, ಅಂಗಳದಲ್ಲಿ ಕೋಳಿ. ಊರ ನಡುವೆ ಎತ್ತರದ ಗೋಡೆಯೊಳಗೆ ಭೂವರಾಹ ನರಸಿಂಹ ದೇವಸ್ಥಾನ, ಗೋವೆಯ ಕದಂಬರ ಕಾಲದ್ದು. ಎರಡು ಗರ್ಭಗುಡಿಗಳು ಎದುರುಬದುರು. ಒಂದರಲ್ಲಿ ಭೂದೇವಿಯನ್ನು ಎತ್ತಿಹಿಡಿದ ವರಾಹ. ಆದರೆ ಪುಸ್ತಕದ ಹುಳುಗಳಿಗೆ ಹಲಸಿ ಬೇಕಾಗುವುದು ತಾಮ್ರಪಟಗಳಿಗಾಗಿ. 19ನೇ ಶತಮಾನದಲ್ಲಿ ಇಲ್ಲಿ ಸಿಕ್ಕ ಕದಂಬರ ತಾಮ್ರಪಟಗಳನ್ನು ಜೆ.ಎಫ್. ಫ್ಲೀಟ್ ಓದಿ ಅಚ್ಚು ಹಾಕಿಸಿದರು. ಇದೇ ಸೀಮೆಯಲ್ಲಿ ಅಧಿಕಾರಿಯಾಗಿದ್ದವರು, ನಮ್ಮ ಶಾಸನಗಳ ಓದಿಗೆ ಬುನಾದಿ ಹಾಕಿದವರು. ಕಾಕುಸ್ಥವರ್ಮನು ಸೇನಾಪತಿ ಶ್ರುತಕೀರ್ತಿಗೆ ಭೂಮಿ ಕೊಟ್ಟದ್ದು, ಮೃಗೇಶವರ್ಮನು ತಂದೆಯ ನೆನಪಿಗೆ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿ 33 ನಿವರ್ತನ ಭೂಮಿ ಬಿಟ್ಟದ್ದು ಅವುಗಳಲ್ಲಿವೆ. ದಾನದ ಭೂಮಿಯ ಗಡಿಯನ್ನು ನದಿ, ಸಂಗಮ ಹೆಸರಿಸಿ ಹೇಳುವ ರೀತಿ ನೋಡಿ. ಗೆರೆ ಎಳೆಯದೆ ಮಾತಿನಲ್ಲಿ ಮಾಡಿದ ನಕ್ಷೆ ಅದು, ಹದಿನೈದು ಶತಮಾನ ಹಿಂದಿನದು.

ದೇವಸ್ಥಾನದ ಕಟ್ಟೆಯ ಮೇಲೆ 48 ಐ/10ರ ಹಳೆಯ ಪ್ರತಿಯನ್ನು ಹರಡಿದೆ. ರೂಢಿಯಂತೆ ಇಣುಕಿದವರು ತಲೆಗೆ ರುಮಾಲು ಸುತ್ತಿದ ಅಜ್ಜ, ಕನ್ನಡಕ್ಕೆ ಮರಾಠಿ ಬೆರೆಸಿ ಮಾತಾಡುವವರು. ಹಲಸಿ ಎಲ್ಲಿ ಎಂದು ಬೆರಳಿಟ್ಟು ತೋರಿಸಿದೆ. ಅಕ್ಷರವನ್ನು ಬಿಟ್ಟು ಅವರು ಹಳ್ಳದ ನೀಲಿ ಗೆರೆಯನ್ನು ಹಿಡಿದು ಊರು ಗುರುತಿಸಿದರು. ಆಮೇಲೆ ತುಂಡು ತುಂಡು ಗೆರೆಯ ಮೇಲೆ ಉಗುರು ಎಳೆಯುತ್ತ ಹೋದರು. “ಈ ಹಾದಿ ನಮ್ಮಪ್ಪನ ಕಾಲದ್ದು ನೋಡ್ರಿ, ಬಂಡಿ ಹೋಗ್ತಿತ್ತು. ಈಗ ಅಲ್ಲಿ ಹೊಲ ಆಗೇತಿ.” ಮತ್ತೆ ಹುಡುಕಿ, “ನಮ್ಮ ಮಾವಿನ ಗಿಡ ಹಾಕಿಲ್ಲಲಾ” ಎಂದರು. ಇಂಚಿಗೊಂದು ಮೈಲಿಯ ಹಾಳೆಯಲ್ಲಿ ಒಂಟಿ ಮಾವಿನ ಗಿಡಕ್ಕೆ ಜಾಗ ಎಲ್ಲಿಂದ ಬರಬೇಕು ಎಂದು ನಾನು ವಿವರಿಸಲು ಹೋದೆ. ಅಜ್ಜ ಒಪ್ಪಲಿಲ್ಲ. ಬಂದೋಬಸ್ತಿಗೆ ಬಂದ ಸಾಹೇಬರು ಆ ಗಿಡದ ಕೆಳಗೇ ಡೇರೆ ಹಾಕುತ್ತಿದ್ದರಂತೆ. ಅಂದಮೇಲೆ ಹಾಕಬೇಕಿತ್ತು ಎಂಬುದು ಅವರ ವಾದ, ಮತ್ತು ಅದಕ್ಕೆ ನನ್ನ ಬಳಿ ಜವಾಬಿರಲಿಲ್ಲ.

ಕೌತುಕಗಳ ಪುಸ್ತಕಕ್ಕೆ ಖಾನಾಪುರ ತಾಲ್ಲೂಕಿನ ದೊಡ್ಡ ಕಾಣಿಕೆ ಮಾತ್ರ ಪ್ರಾಣಿಲೋಕದ್ದು. ಭೀಮಗಡದ ಕಾಡಿನಲ್ಲಿ, ತಳೇವಾಡಿಯ ಬಳಿ, ಬಾರಾಪೇಡೆ ಗುಹೆಗಳಿವೆ. ಅಲ್ಲಿ ಸಿಕ್ಕ ದೊಡ್ಡ ಕಿವಿಯ ಬಾವಲಿಯೊಂದನ್ನು 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಹೊಸ ಜಾತಿಯೆಂದು ವರ್ಣಿಸಿ, ಅರಣ್ಯಾಧಿಕಾರಿಯಾಗಿದ್ದ ರಾಟನ್ ಅವರ ಹೆಸರಿಟ್ಟರು. ದಶಕಗಳ ಕಾಲ ಪ್ರಪಂಚದಲ್ಲಿ ಇದರ ವಿಳಾಸ ಇದೊಂದೇ ಗುಹೆ ಎಂದು ತಿಳಿದಿದ್ದರು. ಬಹಳ ತಡವಾಗಿ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಕಂಡಿತು. ಭೀಮಗಡ 2011ರಿಂದ ವನ್ಯಜೀವಿಧಾಮ. ಗುಡ್ಡದ ಮೇಲೆ ಕೋಟೆಯೂ ಇದೆ, ಶಿವಾಜಿಯ ಹೆಸರಿಗೆ ಅಂಟಿಕೊಂಡದ್ದು. ಮಹದಾಯಿ ಹೊಳೆಯ ಹುಟ್ಟೂ ಈ ಕಾಡಿನ ಮಡಿಲಲ್ಲೇ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ, ಬಾವಲಿ ನೋಡುವ ಆಸೆಯಿಂದ ಗುಹೆಗೆ ನುಗ್ಗುವುದಂತೂ ಬೇಡವೇ ಬೇಡ. ಅದರ ಚಿತ್ರವನ್ನು ಪುಸ್ತಕದಲ್ಲೇ ನೋಡಿ.

ಹಲಸಿಗೆ ಖಾನಾಪುರದಿಂದ ನಂದಗಡದ ಮೇಲೆ ಬಸ್ಸುಗಳಿವೆ, ಸಾಲುಸಾಲಾಗಿ ಅಲ್ಲ. ಮರಳುವ ಬಸ್ಸಿನ ವೇಳೆಯನ್ನು ಇಳಿಯುವಾಗಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕಡೆ ಮಳೆ ಬಿಡುವು ಕೊಡುವುದಿಲ್ಲ, ಹಾಳೆಗಳಿಗೆ ಪ್ಲಾಸ್ಟಿಕ್ ಚೀಲ ಬೇಕೇ ಬೇಕು.